ಹಿಂದಿನಿಂದ ಕರೆಯುವ ದೃಶ್ಯ

ಆ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದವನು ನನ್ನ ತಮ್ಮ. ನನ್ನನ್ನು ಕೇಳಿ ಸೇರಿಸಲಿಲ್ಲ. ಒಂದು ಬೆಳಗ್ಗೆ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಾಗ ಫೋನು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು. ಯಾರಿಗೋ ಏನೋ ಆಗಿರಬೇಕೆಂದು ಕೈ ಒರೆಸಿಕೊಂಡು ನೋಡಿದೆ. ಯಾರಿಗೂ ಏನೂ ಆಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಶಾಲೆಯ ಮೇಷ್ಟ್ರುಗಳು ಸಾಲಾಗಿ ಥಿಯೇಟರಿಗೆ ಕರೆದುಕೊಂಡು ಹೋಗಿ ಒಂದು ಚಿತ್ರ ತೋರಿಸಿದ್ದರು, ನಕ್ಷತ್ರದಿಂದ ಇಳಿದು ಬಂದವನ ಚಿತ್ರ. ಆಗ ಅದನ್ನು ನೋಡಿದ ಮಕ್ಕಳು ಈಗ ತಲೆ ನರೆತವರಾಗಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಕಡೆಯಿಂದ ಆ ಗುಂಪಿನಲ್ಲಿ ಕೂಡಿಕೊಂಡಿದ್ದರು. ಒಬ್ಬೊಬ್ಬರೂ ತಮ್ಮ ನೆನಪು ಬರೆಯಬೇಕು, ಎಲ್ಲ ಸೇರಿಸಿ ಒಂದು ಪುಸ್ತಕ ಮಾಡೋಣ ಎಂದು ಗುಂಪು ಕಟ್ಟಿದವರು ಹೇಳಿದ್ದರು.

ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ. ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ನನ್ನನ್ನು ಇದರೊಳಗೆ ಎಳೆದ?

ಬರೆದವರು ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಬರೆದಿದ್ದರು. ಬಿಡದಿಯ ಕಾರು ಫ್ಯಾಕ್ಟರಿಗೆ ಹೋಗುವ ಒಬ್ಬರು, ಆ ಆಕಾಶದ ಗಾಡಿ ಎರಡು ತಟ್ಟೆ ಇಡ್ಲಿ ಪ್ಲೇಟು ಮುಚ್ಚಿಟ್ಟ ಹಾಗಿತ್ತು, ಇವತ್ತಿಗೂ ಇಡ್ಲಿ ತಿನ್ನುವಾಗ ಅದೇ ನೆನಪಾಗುತ್ತದೆ ಎಂದು ಬರೆದಿದ್ದರು. ಗಾಡಿ ಬಂದು ಇಳಿದ ಬಂಡೆ ನಮ್ಮ ಸಾವನದುರ್ಗವೇ ಎಂದು ಮಾಗಡಿಯವರೊಬ್ಬರು. "ನಿಮ್ದಲ್ಲ ಕಣ್ಲಾ, ನಮ್ ರಾಮನಗರದ ಬಂಡೆ. ಅದ್ರ ಮೇಲೆ ಕೂತು ನಾನು ಮೇಕೆ ಕಾದಿವ್ನಿ" ಎಂದು ಇನ್ನೊಬ್ಬರು. ಇದರ ಮೇಲೆಯೇ ಎರಡು ದಿನ ಜಗಳವಾಡಿದರು. ಹೆಂಗಸರು ಹೆಚ್ಚಾಗಿ ಚಿತ್ರದ ಅಕ್ಕನ ಬಗ್ಗೆ ಬರೆದಿದ್ದರು. ನಾನೂ ಅವಳ ಹಾಗೆ ಇರಬೇಕು ಅಂದುಕೊಳ್ಳುತ್ತಿದ್ದೆ ಎಂದು.

ತಮ್ಮ ಬರೆದದ್ದು ಒಂದೇ ಸಾಲು. "ಕಿವಿ ಕೇಳುತ್ತಿದ್ದಾಗ ನಾನು ಥಿಯೇಟರಿನಲ್ಲಿ ನೋಡಿದ ಸಿನಿಮಾ ಇದೊಂದೇ."

ಅದರ ಕೆಳಗೆ ಬಹಳ ಜನ ಕೈ ಮುಗಿಯುವ ಗುರುತು ಹಾಕಿದ್ದರು. ನಾನು ಫೋನು ಮಗುಚಿ ಇಟ್ಟೆ. ಅವನು ಇದನ್ನು ಎಲ್ಲರಿಗೂ ಬರೆದನೋ, ನನಗೊಬ್ಬಳಿಗೇ ಬರೆದನೋ?

ಮೂರು ದಿನ ಬಿಟ್ಟು ನಾನೂ ಒಂದು ನೆನಪು ಬರೆದೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆಯುವುದು ನಿಧಾನ, ಒತ್ತು ದೀರ್ಘ ತಪ್ಪುತ್ತವೆ. "ಅಕ್ಕ ಜೋಳದ ಹೊಲದಲ್ಲಿ ತಮ್ಮನನ್ನು ಹಿಂದಿನಿಂದ ಕರೆಯುತ್ತಾಳೆ. ಅವನು ತಿರುಗುವುದಿಲ್ಲ. ಆಗ ಅವಳಿಗೆ ಇವನು ತನ್ನ ತಮ್ಮ ಅಲ್ಲ ಎಂದು ಗೊತ್ತಾಗುತ್ತದೆ. ಆ ಸೀನ್ ನನಗೆ ಮರೆಯುವುದಿಲ್ಲ" ಎಂದು ಬರೆದೆ.

ಒಂದು ಗಂಟೆಯೊಳಗೆ ಉತ್ತರಗಳು ಬಂದವು. "ಅಂಥ ಸೀನ್ ಇಲ್ವಲ್ಲ ಅಕ್ಕಾವ್ರೇ." "ಬೇರೆ ಯಾವುದೋ ಪಿಚ್ಚರ್ ಇರ್ಬೇಕು." "ಜೋಳದ ಹೊಲವೇ ಇಲ್ಲ ಅದರಲ್ಲಿ." ಒಬ್ಬಳಂತೂ, ನೀವು ನೋಡಿಲ್ಲ ಅಂತ ಕಾಣುತ್ತೆ, ಸುಮ್ಮನೆ ಬರೆದಿದ್ದೀರಿ ಎಂದಳು.

ಅಷ್ಟರಲ್ಲಿ ತಮ್ಮನ ಹೆಸರು ಮೂಡಿತು. "ಆ ಸೀನ್ ಇದೆ. ನಾನು ನೋಡಿದ್ದೇನೆ."

ಅವನಿಗೆ ಎಲ್ಲ ಗೊತ್ತು ಎಂದು ನನಗೆ ಅನ್ನಿಸಿದ್ದು ಆಗ.

*

ನಮ್ಮೂರು ಚನ್ನಪಟ್ಟಣಕ್ಕೆ ಹತ್ತಿರ. ಆ ದಿನ ಬೆಳಗಿನ ಆಟಕ್ಕೆ ಇಡೀ ಶಾಲೆ ಹೊರಟಿತ್ತು. ನಾನು ಆರನೇ ಕ್ಲಾಸು, ಅವನು ಎರಡನೇ ಕ್ಲಾಸು. ಸಾಲಿನಲ್ಲಿ ಅವನ ಕೈ ಬಿಡಬಾರದು ಎಂದು ಅವ್ವ ಹೇಳಿ ಕಳಿಸಿದ್ದಳು. ಥಿಯೇಟರಿನ ಬೆಂಚಿನಲ್ಲಿ ಮುಂದಿನವರ ತಲೆ ಅಡ್ಡ ಬರುತ್ತದೆಂದು ಅವನು ನನ್ನ ತೊಡೆ ಮೇಲೆ ಹತ್ತಿ ಕೂತ. ಆಕಾಶದ ಗಾಡಿ ಇಳಿಯುವಾಗ ಗುಯ್ ಎನ್ನುವ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ಬೆರಳು ಸರಿಸಿ ಒಸಿ ಒಸಿಯಾಗಿ ಕೇಳಿದ. ಮನೆಗೆ ಬರುವ ದಾರಿಯೆಲ್ಲ ಅದೇ ಸದ್ದು ಮಾಡಿಕೊಂಡು ಬಂದ.

ಚಿತ್ರದ ಕಥೆ ಸುಲಭ. ಒಂದು ಹಳ್ಳಿ. ಮೇಕೆ ಹುಡುಕಿಕೊಂಡು ಬಂಡೆ ಹತ್ತಿದ ಹುಡುಗ ಎರಡು ದಿನ ಕಾಣೆಯಾಗುತ್ತಾನೆ. ಮೂರನೇ ದಿನ ವಾಪಸು ಬರುತ್ತಾನೆ. ಅದೇ ಮುಖ, ಅದೇ ಅಂಗಿ. ಆದರೆ ಬಂದವನು ಅವನಲ್ಲ, ನಕ್ಷತ್ರದವನು. ನಕ್ಷತ್ರದವರು ಹಾವಿನ ಹಾಗೆ ಪೊರೆ ಬಿಟ್ಟು ಬೇರೆಯವರ ರೂಪ ತೊಡುತ್ತಾರೆ. ಇದು ಅಕ್ಕನೊಬ್ಬಳಿಗೇ ಗೊತ್ತಾಗುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಊರವರು ಅವನನ್ನು ಓಡಿಸುತ್ತಾರೆ, ಓಡಿಸಿದರೆ ನಿಜವಾದ ತಮ್ಮ ಇನ್ನೆಂದೂ ಬರುವುದಿಲ್ಲ. ಬಾಯಿ ಮುಚ್ಚಿಕೊಂಡು ಕಾದರೆ, ಮುಂದಿನ ಸಲ ಪೊರೆ ಬಿಟ್ಟಾಗ ತಮ್ಮ ತಿರುಗಿ ಬರುತ್ತಾನೆ. ಅವಳು ಕಾಯುತ್ತಾಳೆ. ಬರುತ್ತಾನೆ. ಥಿಯೇಟರಿನಲ್ಲಿ ಮಕ್ಕಳೆಲ್ಲ ಎದ್ದು ನಿಂತು ಕೂಗಿದರು.

ಬೇರೆ ಊರಿನ ಮಕ್ಕಳಿಗೆ ಇದು ಬರಿಯ ಕಥೆ ಇದ್ದೀತು. ನಮ್ಮ ಮನೆಯಲ್ಲಿ ಪೊರೆ ಬಿಡುವುದು ವರ್ಷವೆಲ್ಲ ನಡೆಯುವ ಕೆಲಸ. ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಕಲ್ಲಿನಂತೆ ಇರುತ್ತದೆ. ಒಂದು ದಿನ ಕಳೆದರೆ ಹಳೆಯ ಚರ್ಮ ಬಿಟ್ಟು ಜ್ವರದಿಂದ ಏಳುತ್ತದೆ. ಅಜ್ಜಿ ತಟ್ಟೆಯ ಮೇಲೆ ಬಗ್ಗಿ, ಹುಳದ ತಲೆಯ ಹತ್ತಿರ ಎಲೆ ಆಡಿಸಿ, "ಕರುದ್ರೂ ತಿರುಗ್ದು ನೋಡು, ಇನ್ನೂ ಜ್ವರದಲ್ಲೈತೆ" ಎನ್ನುತ್ತಿದ್ದಳು. "ಎದ್ಮೇಲೆ ನೋಡು, ಅದೇ ಹುಳ ಅಂತ ಗುರುತೇ ಸಿಕ್ಕಕಿಲ್ಲ."

ಚಿತ್ರ ನೋಡಿದ ಎರಡು ತಿಂಗಳಿಗೆ ತಮ್ಮನಿಗೆ ಜ್ವರ ಬಂತು. ಮೈ ಸುಡುವ ಜ್ವರ, ಕತ್ತು ಬಗ್ಗದು, ಕಣ್ಣು ಬಿಡನು. ಅಪ್ಪ ಅವ್ವ ಅವನನ್ನು ಎತ್ತಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋದರು. ನಾನು ಅಜ್ಜಿಯ ಜೊತೆ ಉಳಿದೆ. ಮೂರು ವಾರ ಅವನನ್ನು ನೋಡಲಿಲ್ಲ. ಮನೆಗೆ ಬಂದು ಕೇಳಿದವರಿಗೆಲ್ಲ ಅಜ್ಜಿ, "ಮೆದುಳ್ ಜ್ವರ ಅಂತೆ ಕಣವ್ವ. ಇನ್ನೂ ಎದ್ದಿಲ್ವಂತೆ" ಎನ್ನುತ್ತಿದ್ದಳು. ಆಗ ತಟ್ಟೆಯ ಹುಳಗಳೂ ಮೂರನೇ ಜ್ವರಕ್ಕೆ ಕೂತಿದ್ದವು. ನನ್ನ ತಲೆಯಲ್ಲಿ ಎರಡೂ ಜ್ವರ ಒಂದೇ ಆಗಿಬಿಟ್ಟವು.

ಅವನು ಬಂದ ದಿನ ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಬೋಳು ತಲೆ. ಕೈಕಾಲು ಕಡ್ಡಿ. ಅಂಗೈಯಲ್ಲಿ ಚರ್ಮ ಸುಲಿದು ತೆಳ್ಳಗೆ ಏಳುತ್ತಿತ್ತು. ಅವನು ನನ್ನನ್ನು ನೋಡಿ ನಕ್ಕ, ಆದರೆ ಮಾತಾಡಲಿಲ್ಲ. ಸುಲಿದ ಆ ಚರ್ಮ ನೋಡಿದ ಗಳಿಗೆಯಲ್ಲಿ ನನಗೆ ನಿಶ್ಚಯವಾಯಿತು. ಜ್ವರದಿಂದ ಎದ್ದದ್ದು ಬೇರೆ ಯಾರೋ.

*

ಅವತ್ತಿನಿಂದ ನಾನು ಅವನ ಮೇಲೆ ಕಣ್ಣಿಟ್ಟೆ. ಅವ್ವನಿಗೆ ಹುಳದ ಕೆಲಸ, ಅಪ್ಪನಿಗೆ ಸೊಪ್ಪಿನ ಕೆಲಸ, ಆಸ್ಪತ್ರೆಯಲ್ಲಿ ಇದ್ದ ದಿನಗಳ ಕೆಲಸವೆಲ್ಲ ಹಿಂದೆ ಬಿದ್ದಿತ್ತು. ಅವನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಹಿತ್ತಲಲ್ಲಿ, ಜೋಳದ ಹೊಲದ ಅಂಚಿನಲ್ಲಿ ಅವನು ಕೂತಿದ್ದಾಗ ನಾಲ್ಕು ಹೆಜ್ಜೆ ಹಿಂದೆ ನಿಂತು ಅವನ ಹೆಸರು ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ತಿರುಗಲಿಲ್ಲ. ಈ ಹೆಸರು ಅವನದಲ್ಲ, ಅದಕ್ಕೇ ತಿರುಗುವುದಿಲ್ಲ ಎಂದುಕೊಂಡೆ. ಚಿತ್ರದಲ್ಲೂ ಹೀಗೇ ಇತ್ತಲ್ಲ ಎಂದುಕೊಂಡೆ.

ಮೊದಲು ಅವನು ಹುಳದ ತಟ್ಟೆಗೆ ಕಿವಿ ಕೊಟ್ಟು, ಅವು ಸೊಪ್ಪು ತಿನ್ನುವ ಸದ್ದು ಕೇಳುತ್ತಿದ್ದ. ಬೈದರೂ ಬಿಡುತ್ತಿರಲಿಲ್ಲ. ಈಗ ಕಿವಿ ಕೊಡುವುದಿಲ್ಲ, ಅಂಗೈ ಇಡುತ್ತಾನೆ. ಯಾರು ಮಾತಾಡಿದರೂ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾನೆ. ನಮ್ಮ ಭಾಷೆ ಕಲಿಯುತ್ತಿದ್ದಾನೆ ಎಂದುಕೊಂಡೆ. ಒಂದು ಸಲ ನಾನು ಹಾಡು ಗುನುಗುತ್ತಿದ್ದಾಗ ನನ್ನ ಗಂಟಲ ಮೇಲೆ ಕೈ ಇಟ್ಟ. ನಾನು ಬೆದರಿ ಅವನ ಕೈಗೆ ಹೊಡೆದೆ. ಅವನು ಅಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತ. ಅದೂ ನನಗೆ ಸಾಕ್ಷಿಯಾಯಿತು. ನಮ್ಮವನಾಗಿದ್ದರೆ ಅಳುತ್ತಿದ್ದ.

ದಿನಕ್ಕೊಂದು ಸಲ ಅವನನ್ನು ಗೋಡೆಗೆ ಒರಗಿಸಿ, ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದೆ. "ನೀನ್ಯಾರು?" ಅವನು ನನ್ನ ಬಾಯಿ ನೋಡಿ ನಗುತ್ತಿದ್ದ. ಕೆಲವು ತಿಂಗಳು ಕಳೆದ ಮೇಲೆ ನಗುವುದನ್ನು ಬಿಟ್ಟ.

ಇನ್ನೊಂದು ವಿಚಿತ್ರವೂ ಆಗತೊಡಗಿತು. ಸಂಜೆ ಹೊತ್ತು ಕೆಲವು ಸಲ, ನಾನು ಬಾಯಿ ತೆರೆಯುವ ಮೊದಲೇ ಅವನು ತಿರುಗಿಬಿಡುತ್ತಿದ್ದ. ಅದು ತಿರುಗದೆ ಇರುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ತಿರುಗಿದರೂ ಸಾಕ್ಷಿ, ತಿರುಗದಿದ್ದರೂ ಸಾಕ್ಷಿ. ನಾನು ಹಾಗಾಗಿದ್ದೆ.

ಇಷ್ಟೇ ಆಗಿದ್ದರೆ ಮಕ್ಕಳಾಟ ಎಂದು ಬಿಟ್ಟುಬಿಡಬಹುದಿತ್ತು. ಇಷ್ಟೇ ಅಲ್ಲ.

ಒಂದು ಮಧ್ಯಾಹ್ನ ಅವ್ವ ಸೊಪ್ಪು ಹೆಚ್ಚುತ್ತಿದ್ದಳು. ತಮ್ಮ ಅವಳಿಗೆ ಬೆನ್ನು ಹಾಕಿ ಕೂತಿದ್ದ. ಅವ್ವನ ಕೈಯಿಂದ ಕಬ್ಬಿಣದ ತಟ್ಟೆ ಜಾರಿ ಕಲ್ಲಿನ ಮೇಲೆ ಬಿತ್ತು. ನಾನು ಹಾರಿಬಿದ್ದೆ. ಅವನು ಅಲ್ಲಾಡಲಿಲ್ಲ. ಅವ್ವ ಕತ್ತಿ ಕೆಳಗಿಟ್ಟು ಅವನನ್ನೇ ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದಳು.

"ಲೇ ಮಗ, ನೀನು ಯಾವಾಗ್ಲೂ ಅವ್ನ ಜೊತೇಲೇ ಇರ್ತೀಯ. ಅವ್ನಿಗೆ ಕಿವಿ ಸರಿಯಾಗಿ ಕೇಳ್ತದೇನೆ?"

ಕಿವಿ ಎಂಬ ಮಾತು ನನಗೆ ಹೊಳೆದದ್ದೇ ಆಗ. ಒಂದು ಕ್ಷಣ ನನಗೆ ಎಲ್ಲ ಅರ್ಥವಾಯಿತು ಎಂದು ಈಗ ಅನ್ನಿಸುತ್ತದೆ. ಅರ್ಥವಾಗಿಯೂ ನಾನು ಹೇಳಿದೆ.

"ಕೇಳ್ತದೆ ಕಣವ್ವ. ಬೇಕಂತ್ಲೇ ಹಂಗ್ ಮಾಡ್ತಾನೆ. ನಾನು ಮೆಲ್ಲಗೆ ಕರುದ್ರೂ ಬತ್ತಾನೆ."

ಅವ್ವ ಉಸಿರು ಬಿಟ್ಟಳು. "ಸದ್ಯ. ಜ್ವರ ಬಂದೋಗಿದ್ದಕ್ಕೆ ಸೊಕ್ಕು ಜಾಸ್ತಿ ಆಗೈತೆ ಮುಂಡೇದ್ಕೆ" ಎಂದು ನಕ್ಕು ಕತ್ತಿ ಎತ್ತಿಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಯಾಕೆ ಹೇಳಿದೆ? ಇಷ್ಟು ವರ್ಷ ನನಗೆ ನಾನೇ ಕೊಟ್ಟುಕೊಂಡ ಉತ್ತರ ಒಂದಿದೆ. ಹೇಳಿದರೆ ಗುಟ್ಟು ಒಡೆಯುತ್ತದೆ, ನಿಜವಾದ ತಮ್ಮ ಬರುವುದಿಲ್ಲ, ಅವನು ಬರಲಿ ಎಂದೇ ಬಾಯಿ ಮುಚ್ಚಿಕೊಂಡೆ. ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅವನು ಬಂದ ಮೇಲೆ ಮನೆಯಲ್ಲಿ ಹಾಲು ಅವನಿಗೆ, ಮೊಟ್ಟೆ ಅವನಿಗೆ, ಅವ್ವನ ಮಗ್ಗುಲು ಅವನಿಗೆ. ನನ್ನ ಪಾಲಿಗೆ ಇದ್ದದ್ದು ಆ ಗುಟ್ಟು ಒಂದೇ. ಇಡೀ ಮನೆಯಲ್ಲಿ ನನಗೊಬ್ಬಳಿಗೆ ಗೊತ್ತಿರುವ ವಿಷಯ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಇನ್ನೂ ಆರು ತಿಂಗಳು ಹಾಗೇ ಹೋದವು. ಅವನ ಮಾತು ತೊದಲಾಯಿತು, ಕೊನೆಕೊನೆಯ ಅಕ್ಷರಗಳು ಬಿದ್ದುಹೋಗತೊಡಗಿದವು. ಶಾಲೆಯ ಮೇಷ್ಟ್ರು ಅಪ್ಪನನ್ನು ಕರೆಸಿದರು. ಕಿವಿ ನೋಡುವ ಡಾಕ್ಟರು ಪರೀಕ್ಷೆ ಮಾಡಿ, ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಚೂರು ಉಳಿದಿತ್ತೇನೋ, ಈಗ ಅದೂ ಇಲ್ಲ ಎಂದರು. ಜ್ವರ ಬಿಟ್ಟ ಕೂಡಲೇ ತಂದಿದ್ದರೆ ಕಿವಿಗೆ ಮಿಷನ್ ಹಾಕಿ ಮಾತನ್ನಾದರೂ ಹಿಡಿದಿಡಬಹುದಿತ್ತು ಎಂದರು. "ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?" ಎಂದು ಕೇಳಿದರಂತೆ. ಅಪ್ಪ ತಲೆ ಬಗ್ಗಿಸಿಕೊಂಡು ಕೂತಿದ್ದರಂತೆ. ಅವ್ವ ಮನೆಗೆ ಬಂದವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಹೇಳಿದ್ದು ಅವಳಿಗೆ ನೆನಪಿತ್ತೋ ಇಲ್ಲವೋ, ಅವಳು ಸಾಯುವವರೆಗೂ ನನಗೆ ತಿಳಿಯಲಿಲ್ಲ. ಅವಳು ನನ್ನ ಕಡೆ ನೋಡಿದಾಗಲೆಲ್ಲ ನೆನಪಿದೆ ಎಂದೇ ಅನ್ನಿಸುತ್ತಿತ್ತು.

ಏಳನೇ ಕ್ಲಾಸು ಮುಗಿದ ಮೇಲೆ ನಾನು ಶಾಲೆಗೆ ಹೋಗುವುದಿಲ್ಲ ಎಂದೆ. ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾಗಿತ್ತು, ಯಾರೂ ಯಾಕೆ ಎನ್ನಲಿಲ್ಲ.

*

ನನ್ನನ್ನು ಕನಕಪುರದ ಕಡೆಗೆ ಕೊಟ್ಟರು. ತಮ್ಮ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕೆಲಸ ಕಲಿತ, ಈಗ ಅದರಲ್ಲಿ ದೊಡ್ಡ ಕೈ. ಮದುವೆ, ಮಕ್ಕಳು ಎಲ್ಲ ಇದೆ. ತುಟಿ ನೋಡಿ ಮಾತು ತಿಳಿಯುತ್ತಾನೆ. ಅವನ ಮಾತು ಹೊಸಬರಿಗೆ ತಿಳಿಯುವುದು ಕಷ್ಟ, ನಮಗೆ ಅಭ್ಯಾಸ. ಹಬ್ಬಕ್ಕೆ ಬಾಗಿನ ತರುತ್ತಾನೆ, ನನ್ನ ಮಕ್ಕಳಿಗೆ ಬುಗುರಿ ಮಾಡಿ ಕೊಟ್ಟಿದ್ದಾನೆ. ಯಾವ ಹೊತ್ತಿನಲ್ಲೂ ನನ್ನ ಮೇಲೆ ಕೋಪ ಮಾಡಿದವನಲ್ಲ. ಅದೇ ನನಗೆ ಅನುಮಾನ. ಎಲ್ಲ ಗೊತ್ತಿದ್ದು ನಗುತ್ತಾನೋ, ಏನೂ ಗೊತ್ತಿಲ್ಲದೆ ನಗುತ್ತಾನೋ? ಹಳೆಯ ಮಾತು ಬಂದಾಗಲೆಲ್ಲ ನನ್ನ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ. ಸೆರಗು ಅಡ್ಡ ಬಂದರೆ ಅವನಿಗೆ ನನ್ನ ಮಾತು ತಿಳಿಯುವುದಿಲ್ಲ.

ಗುಂಪಿನಲ್ಲಿ ಜಗಳ ನಿಲ್ಲಲಿ ಎಂದು ಯಾರೋ ಹಳೆಯ ಪ್ರತಿ ಹುಡುಕಿ ಇಡೀ ಚಿತ್ರವನ್ನೇ ಹಾಕಿದರು. ಬಣ್ಣ ಕೆಟ್ಟು, ಮೇಲೆಲ್ಲ ಗೀರು. ಮಧ್ಯಾಹ್ನ ಯಾರೂ ಇಲ್ಲದಾಗ ಕೂತು ನೋಡಿದೆ. ಬಂಡೆ ಇತ್ತು, ಇಡ್ಲಿ ಪ್ಲೇಟಿನ ಗಾಡಿ ಇತ್ತು. ಅಕ್ಕ ಇದ್ದಳು. ಜೋಳದ ಹೊಲ ಇರಲಿಲ್ಲ. ಅಕ್ಕನಿಗೆ ಗೊತ್ತಾಗುವುದು ಬೇರೆ ರೀತಿ. ಚಿತ್ರದ ಹುಡುಗ ಕರೆದರೆ ತಿರುಗದವನಲ್ಲ. ಕರೆಯುವ ಮೊದಲೇ ತಿರುಗುವವನು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಿರುಗಿ ನಗುತ್ತಾನೆ, ಅಲ್ಲಿ ಅವಳಿಗೆ ಗೊತ್ತಾಗುತ್ತದೆ.

ಎರಡನೇ ಸಲ ನೋಡಿದೆ. ಇರಲಿಲ್ಲ.

ಹಾಗಾದರೆ ತಿರುಗದ ಹುಡುಗ ಎಲ್ಲಿಂದ ಬಂದ? ಅಜ್ಜಿ ಹುಳದ ತಟ್ಟೆಯ ಮೇಲೆ ಹೇಳಿದ ಮಾತಿನಿಂದ ಬಂದ. ನಮ್ಮ ಹಿತ್ತಲಿನಿಂದ ಬಂದ. ನಾನು ಕಣ್ಣಾರೆ ಕಂಡ ನನ್ನ ತಮ್ಮನನ್ನು ಚಿತ್ರದೊಳಗೆ ಸೇರಿಸಿ, ಚಿತ್ರದ ಮೇಲೆ ಅಪವಾದ ಹೊರಿಸಿ ಮೂವತ್ತು ವರ್ಷ ಕಳೆದಿದ್ದೆ. ಆ ಚಿತ್ರ ನೋಡದೆ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಎಷ್ಟು ಸಲ ಸಮಾಧಾನ ಮಾಡಿಕೊಂಡಿದ್ದೆ.

ಮತ್ತೆ ಅವನು ಆ ಸೀನ್ ಇದೆ ಎಂದು ಯಾಕೆ ಬರೆದ?

ಮರುದಿನ ಬಸ್ಸು ಹಿಡಿದೆ. ರಾಮನಗರದಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

*

ಬೊಂಬೆ ಕಾರ್ಖಾನೆ ಎಂದರೆ ಉದ್ದನೆಯ ಒಂದು ಹೆಂಚಿನ ಮನೆ. ಮರ ಕಡೆಯುವ ಆರು ಲೇತು ಒಟ್ಟಿಗೆ ತಿರುಗುತ್ತಿದ್ದವು. ಯಜಮಾನರು ಸಾಬರು, ನನ್ನನ್ನು ಬಲ್ಲವರು. "ಬಾರಮ್ಮ. ನಿಮ್ ತಮ್ಮ ಒಳಗವ್ನೆ. ಮಿಷನ್ ಕೆಟ್ಟೋದ್ರೆ ನಮ್ಗಿಂತ ಮುಂಚೆ ಅವ್ನಿಗೇ ಗೊತ್ತಾಗೋದು, ಅಂಗೈ ಇಟ್ಟು ಹೇಳ್ಬುಡ್ತಾನೆ" ಎಂದರು. ನನಗೆ ಹುಳದ ತಟ್ಟೆಯ ಮೇಲೆ ಅಂಗೈ ಇಟ್ಟ ಹುಡುಗ ನೆನಪಾದ.

ತಮ್ಮ ನನಗೆ ಬೆನ್ನು ಮಾಡಿ ಕೂತಿದ್ದ. ಹಾಲೆ ಮರದ ತುಂಡು ಗಿರಗಿರ ತಿರುಗುತ್ತಿತ್ತು. ಅವನು ಅದಕ್ಕೆ ಅರಗಿನ ಕಡ್ಡಿ ಒತ್ತಿ ಕೆಂಪು ಬಣ್ಣ ಹಿಡಿಸುತ್ತಿದ್ದ. ನಾಲ್ಕು ಹೆಜ್ಜೆ ಹಿಂದೆ ನನ್ನ ಕಾಲು ತಾನಾಗಿ ನಿಂತಿತು. ನಾನು ಕರೆಯಲಿಲ್ಲ. ಅವನು ತಿರುಗಿದ.

"ಬಾ ಅಕ್ಕ. ಬಾಗ್ಲಲ್ಲಿ ನಿಂತ್ರೆ ಬೆಳಕ್ಗೆ ಅಡ್ಡಾಯ್ತದೆ" ಎಂದ.

ನಾನು ಅವನ ಮುಂದೆ ಮಣೆಯ ಮೇಲೆ ಕೂತೆ. ಅವನು ಲೇತು ನಿಲ್ಲಿಸಿದ. ಊರಿನ ಸಮಾಚಾರ, ಮಕ್ಕಳ ಸಮಾಚಾರ ಆಯಿತು. ಆಮೇಲೆ ಕೇಳಿದೆ, "ಗುಂಪ್ನಲ್ಲಿ ಆ ಸೀನ್ ಐತೆ ಅಂತ ಯಾಕೆ ಬರುದೆ? ಇಲ್ವಲ್ಲ."

"ಏನು?" ಎಂದ. "ಸೆರಗು ತೆಗಿ."

ತೆಗೆದೆ. ಇನ್ನೊಂದು ಸಲ ಕೇಳಿದೆ.

"ಇಲ್ಲ ಅಂತ ನಂಗೊತ್ತು" ಎಂದ. "ಎಲ್ಲಾರೂ ಸೇರ್ಕೊಂಡು ನಿನ್ನ ಸುಳ್ಳಿ ಅಂತಿದ್ರು. ನಮ್ಮಕ್ಕನ್ನ ಅವರ್ಯಾಕನ್ಬೇಕು, ಅನ್ನಂಗಿದ್ರೆ ನಾನನ್ಬೇಕು ಅಂತ ಬರುದೆ."

"ಇಲ್ಲ ಅಂತ ಗೊತ್ತಿದ್ರೆ, ಅದು ಎಲ್ಲಿಂದ ಬಂತು ಅಂತ್ಲೂ ಗೊತ್ತಾ?"

ಅವನು ಅರಗಿನ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದ. "ನೀನು ಹಿತ್ಲಲ್ಲಿ ಹಿಂದೆ ನಿಂತ್ಕೊತಿದ್ದೆ. ಮೊದಮೊದ್ಲು ನಂಗೆ ಗೊತ್ತಾಯ್ತಿರ್ಲಿಲ್ಲ. ಆಮೇಲೆ ನೆರಳು ಕಾಣ್ತು. ಸಂಜೆ ಹೊತ್ತು ನಿನ್ನ ನೆರಳು ನನ್ ಮುಂದಕ್ಕೆ ಬೀಳ್ತಿತ್ತು. ತಿರುಗ್ತಿದ್ದೆ."

"ಯಾಕೆ ಯಾರ್ಗೂ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ನಾನೇ ಅವ್ನು ಅನ್ಕೊಂಡಿದ್ದೆ. ಸಿನಿಮಾದೋನು." ಅವನು ನಕ್ಕ. "ದಿನಾ ಗೋಡೆಗೆ ಒರಗ್ಸಿ ಕೇಳ್ತಿದ್ದೆಲ್ಲ, ನೀನ್ಯಾರು ನೀನ್ಯಾರು ಅಂತ. ತುಟಿ ನೋಡಿ ನಾನು ಓದಿದ್ದು ಮೊದ್ಲು ಅದನ್ನೇ. ನನ್ ಮಾತು ನಂಗೇ ಕೇಳ್ತಿಲ್ಲ, ಅಕ್ಕ ಬೇರೆ ಯಾರು ಅಂತ ಕೇಳ್ತಾವ್ಳೆ. ನಿಜವಾದೋನು ಆಸ್ಪತ್ರೇಲೇ ಉಳ್ಕೊಂಡವ್ನೆ, ನಾನು ಬಂದಿವ್ನಿ ಅನ್ಕೊಂಡೆ. ಅವ್ವಂಗೆ ಗೊತ್ತಾದ್ರೆ ವಾಪಸ್ ಕಳ್ಸ್ಬುಡ್ತಾಳೆ ಅಂತ, ಅವ್ಳು ಕರುದ್ರೆ ಎದುರ್ಗಿರೋರ ಮುಖ ನೋಡಿ ತಿರುಗೋದು ಕಲ್ತೆ."

ಅವನ ಕಿವುಡುತನ ಮನೆಯಲ್ಲಿ ಅಷ್ಟು ದಿನ ಯಾರಿಗೂ ಕಾಣದೆ ಇದ್ದದ್ದು ಹೀಗೆ. ಮುಚ್ಚಿಟ್ಟವನು ಅವನೇ. ಮುಚ್ಚಿಡಲು ಕಲಿಸಿದವಳು ನಾನು.

ಅವನಿಗೆ ಇಷ್ಟೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದ. ಅಲ್ಲಿಗೇ ನಿಲ್ಲಿಸಿ ಎದ್ದು ಬರಬಹುದಿತ್ತು. ಆದರೆ ಅವನಿಗೆ ಗೊತ್ತಿಲ್ಲದ್ದು ಇನ್ನೊಂದಿದೆ ಎಂದು ನನಗೆ ಆಗ ತಿಳಿಯಿತು. ಅವ್ವ ನನ್ನನ್ನು ಕೇಳಿದಾಗ ಅವನು ಬೆನ್ನು ಹಾಕಿ ಕೂತಿದ್ದ. ಅವಳ ತುಟಿಯನ್ನೂ ಅವನು ನೋಡಿರಲಿಲ್ಲ, ನನ್ನ ತುಟಿಯನ್ನೂ ನೋಡಿರಲಿಲ್ಲ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಟ್ಟೆ ಬಿದ್ದದ್ದು, ಅವ್ವ ಕೇಳಿದ್ದು, ನಾನು ಹೇಳಿದ್ದು, ಒಂದೊಂದು ಮಾತನ್ನೂ ನಿಧಾನವಾಗಿ, ಅವನಿಗೆ ಕಾಣುವ ಹಾಗೆ ಹೇಳಿದೆ. ಹಾಲು, ಮೊಟ್ಟೆಯ ಮಾತನ್ನೂ ಬಿಡಲಿಲ್ಲ. ಅವನು ನನ್ನ ತುಟಿ ನೋಡುತ್ತಲೇ ಇದ್ದ. ನಡುವೆ ಒಂದು ಸಲ, "ಇನ್ನೊಂದ್ಸಲ ಹೇಳು" ಎಂದ. ಅವ್ವ ಉಸಿರು ಬಿಟ್ಟು ನಕ್ಕಳು ಎಂದು ನಾನು ಹೇಳಿದ ಜಾಗದಲ್ಲಿ. ಹೇಳಿದೆ.

"ಅದು ಗೊತ್ತಿರ್ಲಿಲ್ಲ" ಎಂದ.

ಆಮೇಲೆ ಲೇತು ಹಾಕಿದ. ಅರ್ಧ ಬಣ್ಣ ಹಿಡಿದಿದ್ದ ತುಂಡಿಗೆ ಕೆಂಪು ಪೂರ್ತಿ ಮಾಡಿದ. ತಾಳೆಗರಿ ಹಿಡಿದು ಹೊಳಪು ಕೊಟ್ಟ. ತೆಗೆದು ಬುಟ್ಟಿಗೆ ಹಾಕಿದ, ಇನ್ನೊಂದು ತುಂಡು ಸಿಕ್ಕಿಸಿದ. ನನ್ನ ಕಡೆ ನೋಡಲಿಲ್ಲ. ಅವನು ನೋಡದಿದ್ದರೆ ನಾನು ಏನು ಹೇಳಿದರೂ ಅವನಿಗೆ ತಲುಪುವುದಿಲ್ಲ. ಐದು ಬೊಂಬೆಗೆ ಆಗುವಷ್ಟು ಹೊತ್ತು ಹಾಗೇ ಕೂತಿದ್ದೆ. ಇವತ್ತಿಗೆ ತಮ್ಮ ಹೋದ ಎಂದುಕೊಂಡೆ.

ಆರನೆಯದನ್ನು ಕೈಗೆ ತೆಗೆದುಕೊಂಡವನು ಅದನ್ನು ಕೆಳಗಿಟ್ಟು ಲೇತು ನಿಲ್ಲಿಸಿದ.

"ಬರಿ ಹಂಗಾದ್ರೆ" ಎಂದ.

"ಏನ್ ಬರೀಲಿ?"

"ಗುಂಪ್ನಲ್ಲಿ. ಆ ಸೀನ್ ಇಲ್ಲ ಅಂತ ಬರಿ. ನಿನ್ ಪರವಾಗಿ ಒಂದ್ ಸುಳ್ಳು ಹೇಳಿವ್ನಿ, ಅದ್ನ ನಾನು ಇಟ್ಕೊಳಕಾಗಲ್ಲ. ಪುಸ್ತಕ ಮಾಡ್ತಾರಂತಲ್ಲ, ಅದ್ರಲ್ಲೂ ಎಲ್ಲಾ ಬರಿ. ಅವ್ವ ಕೇಳಿದ್ದೂ ಬರಿ."

ಅಲ್ಲೇ ಕೂತು ಫೋನಿನಲ್ಲಿ ಬರೆದೆ. ಮೂರೇ ಸಾಲು. ಬರೆಯಲು ಬಹಳ ಹೊತ್ತು ಹಿಡಿಯಿತು. ಹಿಂದಿನಿಂದ ಕರೆಯುವ ದೃಶ್ಯ ಚಿತ್ರದಲ್ಲಿ ಇಲ್ಲ, ನಮ್ಮ ಮನೆಯಲ್ಲಿ ನಡೆದದ್ದು, ನಾನು ಹೇಳಿದ್ದು ಸುಳ್ಳು, ಅದರಲ್ಲಿದ್ದ ಹುಡುಗ ನನ್ನ ತಮ್ಮ ಎಂದು. ಕಳಿಸುವ ಮೊದಲು ಅವನಿಗೆ ತೋರಿಸಿದೆ. ಅವನು ಮುಖ ಬಿಗಿದುಕೊಂಡೇ ಓದಿದ. ಓದಿ ಫೋನನ್ನು ನನ್ನ ಕಡೆ ತಿರುಗಿಸಿ, ಕೊನೆಯ ಪದದ ಮೇಲೆ ಕೆಂಪು ಹತ್ತಿದ ಬೆರಳು ಇಟ್ಟ. 'ತಮ್ಮ' ಎಂದು ಬರೆಯುವ ಕಡೆ 'ತಮ' ಎಂದು ಬರೆದಿದ್ದೆ.

"'ಮ'ಕ್ಕೆ ಒತ್ತು ಕೊಡು" ಎಂದ. "ಇಲ್ದಿದ್ರೆ ಅವರ್ಗೂ ಡೌಟ್ ಬತ್ತದೆ."

ಅವನು ನಗುತ್ತಿದ್ದಾನೋ ಇಲ್ಲವೋ ಎಂದು ಮುಖ ನೋಡಿದೆ. ತಿಳಿಯಲಿಲ್ಲ. ಒತ್ತು ಎಲ್ಲಿದೆ ಎಂದು ಹುಡುಕಿ, ಕೊಟ್ಟು, ಕಳಿಸಿದೆ.